ಪ್ರವಾಸ, ಕ್ರೀಡಾಕೂಟ, ಮಕ್ಕಳ ಸಂತೆ, ವಾರ್ಷಿಕೋತ್ಸವ: ಒಂದೇ ವಾರದಲ್ಲಿ ನಾಲ್ಕನ್ನೂ ನಡೆಸುವ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಬಂದರೆ ಸಾಕು, ಊರಿನ ಶಾಲೆಗಳಲ್ಲಿ ಎಲ್ಲ ಕಾರ್ಯಕ್ರಮಗಳೂ ಒಟ್ಟಿಗೆ ಬಂದು ಬೀಳುತ್ತವೆ. ಪ್ರವಾಸದ ಬಸ್ಸು ನಡುರಾತ್ರಿಗೆ ಊರು ಮುಟ್ಟುತ್ತದೆ. ಮರುದಿನ ಕ್ರೀಡಾಕೂಟದಲ್ಲಿ ಮಕ್ಕಳು ಓಡಲಾರದೆ ಕೂರುತ್ತಾರೆ. ವಾರ್ಷಿಕೋತ್ಸವದ ಹೊತ್ತಿಗೆ ಅರ್ಧ ಮಕ್ಕಳಿಗೆ ಗಂಟಲು ಕಟ್ಟಿರುತ್ತದೆ. ಪ್ರವಾಸದ ಲೆಕ್ಕವಂತೂ ಸಂಕ್ರಾಂತಿ ಕಳೆದರೂ ಮುಗಿದಿರುವುದಿಲ್ಲ.

ಪ್ರತಿ ವರ್ಷ ಇದೇ ದೂರು ಕೇಳಿಬರುತ್ತದೆ, ಕಾರಣವೂ ಹೆಚ್ಚುಕಡಿಮೆ ಒಂದೇ. ಒಂದೊಂದು ಕಾರ್ಯಕ್ರಮವನ್ನೂ ಬೇರೆಬೇರೆಯವರು ಚೆನ್ನಾಗಿಯೇ ಯೋಜಿಸಿರುತ್ತಾರೆ. ಆದರೆ ನಾಲ್ಕಕ್ಕೂ ಬೇಕಾದವರು ಅದೇ ಮಕ್ಕಳು, ಅದೇ ಐವರು ಶಿಕ್ಷಕರು, ಅದೇ ಅಡುಗೆಯವರು, ಅದೇ ಅಂಗಳ ಎಂಬುದನ್ನು ಯಾರೂ ಒಟ್ಟಿಗೆ ಕೂತು ನೋಡಿರುವುದಿಲ್ಲ. ಕೆಡುವುದು ಒಂದು ಕಾರ್ಯಕ್ರಮಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತಿನಲ್ಲಿ. ಹಾಗಾಗಿ ಮೊದಲು ದಿನಗಳ ಸರದಿ ಸರಿಮಾಡಿಕೊಳ್ಳಬೇಕು.

ಉದಾಹರಣೆಗೆ ಇಲ್ಲಿ ಇಟ್ಟುಕೊಂಡಿರುವುದು ಚನ್ನರಾಯಪಟ್ಟಣ ಕಡೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಲೆಕ್ಕ: ಒಂದರಿಂದ ಏಳನೇ ತರಗತಿ, ಸುಮಾರು 120 ಮಕ್ಕಳು, 5 ಶಿಕ್ಷಕರು. ಐದರಿಂದ ಏಳನೇ ತರಗತಿಯ 40 ಮಕ್ಕಳು ಹಳೇಬೀಡು, ಬೇಲೂರಿಗೆ ಒಂದು ದಿನದ ಪ್ರವಾಸ ಹೋಗುತ್ತಾರೆ. ನಿಮ್ಮ ಶಾಲೆ ದೊಡ್ಡದಿದ್ದರೆ ಸಂಖ್ಯೆ ಬದಲಾಗುತ್ತದೆ, ಸರದಿ ಬದಲಾಗುವುದಿಲ್ಲ.

## ಮೊದಲೇ ಕೈಯಲ್ಲಿರಬೇಕಾದ್ದು

- ಇಡೀ ವಾರಕ್ಕೆ ಒಂದೇ ದಪ್ಪ ನೋಟ್‌ಬುಕ್. ಪ್ರವಾಸಕ್ಕೊಂದು, ಕ್ರೀಡೆಗೊಂದು ಎಂದು ಬೇರೆ ಮಾಡಬೇಡಿ.
- ರಸೀದಿ ಪುಸ್ತಕ, ಒಪ್ಪಿಗೆ ಪತ್ರಗಳ ಕಡತ.
- 30 ಮೀಟರ್ ಅಳತೆ ಟೇಪು, ನೂಲಿನ ಹಗ್ಗ, ಗೂಟ, ಸುಣ್ಣದ ಪುಡಿ, ಎರಡು ಸೀಟಿ.
- ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಹತ್ತಿ, ಬ್ಯಾಂಡೇಜ್ ಬಟ್ಟೆ, ಸೋಪು, ಓಆರ್‌ಎಸ್ ಪೊಟ್ಟಣ, ಸ್ಯಾನಿಟರಿ ಪ್ಯಾಡ್, ವಾಂತಿಗೆ ಗಟ್ಟಿ ಕವರುಗಳು.
- ನಾಲ್ಕು ದೊಡ್ಡ ಗೋಣಿಚೀಲ. ಯಾಕೆಂದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ವಾರವನ್ನು ಆರಿಸುವುದು

ದಿನಾಂಕ ಗೊತ್ತುಮಾಡುವ ಮೊದಲು ಮೂರು ಕ್ಯಾಲೆಂಡರ್ ಎದುರಿಗಿರಲಿ: ಇಲಾಖೆಯ ಶೈಕ್ಷಣಿಕ ಮಾರ್ಗಸೂಚಿ, ಊರಿನ ಜಾತ್ರೆ-ಮದುವೆಗಳದ್ದು, ಹೊಲದ್ದು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ಮರೆಯುತ್ತಾರೆ. ರಾಗಿ ಕೊಯ್ಲು, ಒಕ್ಕಣೆ ಜೋರಾಗಿರುವ ವಾರದಲ್ಲಿ ಪೋಷಕರು ಬರುವುದಿಲ್ಲ. ದೊಡ್ಡ ತರಗತಿಯ ಮಕ್ಕಳೂ ಮನೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಯಾದರೆ ಕಾಫಿ ಹಣ್ಣು ಬಿಡಿಸುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ "ಯಾವ ವಾರ ಮಾಡೋಣ?" ಎಂದು ಕೇಳಿದರೆ "ನೀವು ಹೇಳಿದ ಹಾಗೆ ಆಗ್ಲಿ ಮೇಷ್ಟ್ರೇ" ಎಂಬ ಉತ್ತರ ಬರುತ್ತದೆ. "ಆ ವಾರ ನಿಮ್ಮ ಕಣದಲ್ಲಿ ಕೆಲಸ ಇರುತ್ತಾ?" ಎಂದು ಕೇಳಿ, ನಿಜವಾದ ದಿನಾಂಕ ಸಿಗುತ್ತದೆ. ವಾರ ಗೊತ್ತಾದ ಮೇಲೆ ಆರು ವಾರ ತಯಾರಿಗೆ ಬೇಕು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಒಂದು ಕಾರ್ಯಕ್ರಮವನ್ನು ಬಿಟ್ಟು ಮೂರನ್ನೇ ಮಾಡಿ.

## ಹಂತ 2: ದಿನಗಳ ಸರದಿ

ಅತಿ ಹೆಚ್ಚು ಶಾಲೆಗಳು ಎಡವುವುದು ಈ ಹಂತದಲ್ಲೇ. ಸಾಮಾನ್ಯವಾಗಿ ಸೋಮವಾರ ಕ್ರೀಡಾಕೂಟ ಇಟ್ಟು, ಗುರುವಾರವೋ ಶುಕ್ರವಾರವೋ ಪ್ರವಾಸ ಹೋಗಿ, ಶನಿವಾರ ವಾರ್ಷಿಕೋತ್ಸವ ಮಾಡುತ್ತಾರೆ. ಮಕ್ಕಳು ನಿದ್ದೆಗೆಟ್ಟು ವೇದಿಕೆ ಹತ್ತುತ್ತಾರೆ, ಶಿಕ್ಷಕರೂ ಅಷ್ಟೇ.

ಸರಿಯಾಗಿ ನಡೆಯುವ ಸರದಿ ಇದು:

- ಸೋಮವಾರ: ಮಾಮೂಲಿ ತರಗತಿ, ಪ್ರವಾಸದ ಸೂಚನೆ, ಅಂಗಳದ ಶ್ರಮದಾನ.
- ಮಂಗಳವಾರ: ಪ್ರವಾಸ.
- ಬುಧವಾರ: ಕೂತು ಮಾಡುವ ಕೆಲಸ ಮಾತ್ರ.
- ಗುರುವಾರ: ಕ್ರೀಡಾಕೂಟ.
- ಶುಕ್ರವಾರ: ಬೆಳಿಗ್ಗೆ ಮಕ್ಕಳ ಸಂತೆ, ಮಧ್ಯಾಹ್ನ ವೇದಿಕೆಯ ಮೇಲೆ ಪೂರ್ತಿ ತಾಲೀಮು.
- ಶನಿವಾರ: ಸಂಜೆ ವಾರ್ಷಿಕೋತ್ಸವ.

ಪ್ರವಾಸ ಸೋಮವಾರ ಬೇಡ. ಭಾನುವಾರದ ರಜೆಯಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ. ಯಾರಿಗೆ ಜ್ವರ, ಯಾರು ಬರುವುದಿಲ್ಲ ಎಂಬುದು ಸೋಮವಾರ ಬೆಳಿಗ್ಗೆಯೇ ಗೊತ್ತಾಗುವುದು. ಕ್ರೀಡಾಕೂಟ ಪ್ರವಾಸಕ್ಕಿಂತ ಮೊದಲೂ ಬೇಡ. ಉಳುಕಿದ ಕಾಲಿನ ಮಗು ದೇವಸ್ಥಾನದ ಮೆಟ್ಟಿಲು ಹತ್ತಲಾರದು, ಬರುವುದಿಲ್ಲ ಎನ್ನಲೂ ಅದಕ್ಕೆ ಮನಸ್ಸಾಗದು.

ಮಂಗಳವಾರ ಆರಿಸುವಾಗ ಹೋಗುವ ಜಾಗಕ್ಕೆ ವಾರದ ರಜೆ ಯಾವತ್ತು ಎಂದು ನೋಡಿ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಹಳೇಬೀಡಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮೃಗಾಲಯಕ್ಕೆ ಹೋಗುವುದಾದರೆ ಪ್ರವಾಸವನ್ನು ಬುಧವಾರಕ್ಕೆ ತಳ್ಳಿ, ಗುರುವಾರವನ್ನು ವಿರಾಮದ ದಿನ ಮಾಡಿ, ಕ್ರೀಡಾಕೂಟವನ್ನು ಮುಂದಿನ ವಾರಕ್ಕೆ ಹಾಕಿ. ಪ್ರವಾಸದ ಮರುದಿನದ ವಿರಾಮವನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬೇಡಿ.

## ಹಂತ 3: ಯಾರು ಯಾವುದಕ್ಕೆ

ಒಂದು ಕಾರ್ಯಕ್ರಮಕ್ಕೆ ಒಬ್ಬರೇ ಹೊಣೆ. "ಎಲ್ಲರೂ ಸೇರಿ ನೋಡಿಕೊಳ್ಳೋಣ" ಎಂದರೆ ಮೈಕ್ ಸೆಟ್‌ನವರಿಗೆ ಯಾರೂ ಮುಂಗಡ ಕೊಟ್ಟಿರುವುದಿಲ್ಲ. ಮುಖ್ಯ ಶಿಕ್ಷಕರು ಯಾವ ಕಾರ್ಯಕ್ರಮವನ್ನೂ ತಾವೇ ಹೊರಬಾರದು. ಹಣ, ಅನುಮತಿ, ಪೋಷಕರ ಕರೆ ಈ ಮೂರೇ ಅವರಿಗೆ ಸಾಕಷ್ಟು ಕೆಲಸ.

ಅಡುಗೆ ಸಿಬ್ಬಂದಿಯನ್ನು ಈ ಸಭೆಗೆ ಕರೆಯಿರಿ. ಮಂಗಳವಾರ ಎಷ್ಟು ಮಕ್ಕಳಿಗೆ ಬಿಸಿಯೂಟ, ಗುರುವಾರ ಹಾಲು ಎಷ್ಟು ಹೊತ್ತಿಗೆ, ಶುಕ್ರವಾರ ಊಟ ತಡವಾಗುತ್ತದೆಯೇ ಎಂಬುದೆಲ್ಲ ಅವರಿಗೆ ಮೊದಲೇ ತಿಳಿಯಬೇಕು.

## ಹಂತ 4: ಅನುಮತಿ ಮತ್ತು ಹಣ

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪ್ರವಾಸದ ಪತ್ರ ಹೋಗುವಾಗ ಮಾರ್ಗ, ಹೊರಡುವ ಮತ್ತು ಮರಳುವ ಸಮಯ, ಮಕ್ಕಳ ಪಟ್ಟಿ, ಜೊತೆಗೆ ಹೋಗುವವರ ಹೆಸರು, ವಾಹನದ ವಿವರ, ಎಸ್‌ಡಿಎಂಸಿ ಠರಾವಿನ ಪ್ರತಿ ಎಲ್ಲವೂ ಒಟ್ಟಿಗಿರಲಿ. ಲಿಖಿತ ಅನುಮತಿ ಕೈಗೆ ಬರುವ ಮೊದಲು ಮಕ್ಕಳಿಗೆ ಪ್ರವಾಸದ ದಿನಾಂಕ ಹೇಳಬೇಡಿ. ಹೇಳಿದ ಮೇಲೆ ಮುಂದೂಡುವುದು ಕಷ್ಟ, ಆಗಲೇ "ಬಾಯಿಮಾತಲ್ಲಿ ಒಪ್ಪಿದ್ದಾರೆ, ಹೋಗಿಬಿಡೋಣ" ಎಂಬ ಯೋಚನೆ ಬರುವುದು.

ಪೋಷಕರ ಒಪ್ಪಿಗೆ ಪತ್ರದಲ್ಲಿ ಸಹಿಗಿಂತ ಮುಖ್ಯವಾದ ನಾಲ್ಕು ಪ್ರಶ್ನೆಗಳಿರಬೇಕು: ಮಗುವಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ? ಮೂರ್ಛೆ, ಉಬ್ಬಸ, ಅಲರ್ಜಿ ಇದೆಯೇ? ದಿನವೂ ತೆಗೆದುಕೊಳ್ಳುವ ಮಾತ್ರೆ ಯಾವುದು? ಸಂಜೆ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ? ಓದು ಬಾರದ ತಂದೆತಾಯಿಗೆ ಪತ್ರವನ್ನು ಮಗುವಿನ ಕೈಯಲ್ಲಿ ಕಳಿಸಿ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ತಪ್ಪು. ಅವರನ್ನು ಕರೆದು ಕೂರಿಸಿ ಓದಿ ಹೇಳಿ.

ಹಣದ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಬಸ್ಸು, ಊಟ, ಇತರೆ ಖರ್ಚು ಸೇರಿ 18,000 ರೂಪಾಯಿ ಆಗುತ್ತದೆ ಎಂದುಕೊಳ್ಳಿ. 40 ಮಕ್ಕಳಿಗೆ ಹಂಚಿದರೆ ತಲೆಗೆ 450. ಹಾಗೆಂದು ಹೇಳಿ ಹಣ ತೆಗೆದುಕೊಂಡ ಮೇಲೆ ನಾಲ್ಕು ಮಕ್ಕಳು ಬರಲಿಲ್ಲವೆಂದರೆ 1,800 ರೂಪಾಯಿ ಕೊರತೆ, ಅದು ಕೊನೆಗೆ ಶಿಕ್ಷಕರ ಜೇಬಿಗೇ ಬೀಳುತ್ತದೆ. ಮೊದಲೇ 36 ಮಕ್ಕಳಿಗೆ ಹಂಚಿ 500 ಎಂದು ಹೇಳಿ, "ಎಲ್ಲರೂ ಬಂದರೆ ಉಳಿದದ್ದನ್ನು ವಾಪಸ್ ಕೊಡುತ್ತೇವೆ" ಎಂದು ಪತ್ರದಲ್ಲೇ ಬರೆಯಿರಿ. ಹಣ ಶಿಕ್ಷಕರೊಬ್ಬರ ಸ್ವಂತ ಫೋನ್‌ಪೇಗೆ ಬರಬಾರದು. ಸಂಬಳ, ದಿನಸಿ, ಪ್ರವಾಸ ಎಲ್ಲ ಒಂದೇ ಖಾತೆಯಲ್ಲಿ ಬೆರೆತರೆ ಪ್ರಾಮಾಣಿಕರೂ ಲೆಕ್ಕ ಒಪ್ಪಿಸಲಾರರು.

ಹಣ ಕೊಡಲಾಗದ ಮಕ್ಕಳ ವಿಷಯ. ತರಗತಿಯಲ್ಲಿ "ಯಾರ್ ಯಾರು ಇನ್ನೂ ಕೊಟ್ಟಿಲ್ಲ, ಎದ್ದು ನಿಲ್ಲಿ" ಎನ್ನುವುದನ್ನು ದಯವಿಟ್ಟು ನಿಲ್ಲಿಸಬೇಕು. ಅಂಥ ಮಕ್ಕಳ ಹೆಸರು ಮುಖ್ಯ ಶಿಕ್ಷಕರಿಗೆ ಮಾತ್ರ ತಿಳಿದಿರಲಿ. ಹಳೆ ವಿದ್ಯಾರ್ಥಿಗಳನ್ನೋ ಎಸ್‌ಡಿಎಂಸಿಯನ್ನೋ ಕೇಳಿ ಆ ಮೊತ್ತ ತುಂಬಿಸಿ, ರಸೀದಿಯನ್ನು ಮಗುವಿನ ಹೆಸರಲ್ಲೇ ಬರೆಯಿರಿ. ಎಲ್ಲರ ಕೈಗೂ ಒಂದೇ ಬಣ್ಣದ ರಸೀದಿ ಹೋಗಬೇಕು.

ಒಪ್ಪಿಗೆ ಪತ್ರಕ್ಕೂ ಹಣಕ್ಕೂ ಒಂದೇ ಕೊನೆಯ ದಿನ ಇರಲಿ, ಪ್ರವಾಸಕ್ಕೆ ಹತ್ತು ದಿನ ಮೊದಲು.

## ಹಂತ 5: ಬಸ್ಸು ಗೊತ್ತುಮಾಡುವುದು

ಸಾರಿಗೆ ನಿಗಮದ ಬಸ್ಸನ್ನು ಕರಾರಿನ ಮೇಲೆ ಪಡೆಯುವುದು ಮೊದಲ ಆಯ್ಕೆ. ಡಿಸೆಂಬರ್‌ನಲ್ಲಿ ಎಲ್ಲ ಶಾಲೆಗಳೂ ಕೇಳುವುದರಿಂದ ತಿಂಗಳು ಮೊದಲೇ ಡಿಪೋಗೆ ಹೋಗಿ. ಖಾಸಗಿ ಬಸ್ಸು ಅನಿವಾರ್ಯವಾದರೆ ಪರ್ಮಿಟ್, ವಿಮೆ, ಅರ್ಹತಾ ಪತ್ರ, ಚಾಲಕರ ಲೈಸೆನ್ಸ್ ನಾಲ್ಕನ್ನೂ ಕಣ್ಣಾರೆ ನೋಡಿ, ಪ್ರತಿ ಇಟ್ಟುಕೊಳ್ಳಿ. ತುರ್ತು ಬಾಗಿಲು ತೆರೆಯುತ್ತದೆಯೇ ಎಂದು ಕೈಯಾರೆ ತೆರೆದು ನೋಡಿ. ಎಷ್ಟೋ ಬಸ್ಸುಗಳಲ್ಲಿ ಅದಕ್ಕೆ ಅಡ್ಡವಾಗಿ ಸೀಟು ಹಾಕಿರುತ್ತಾರೆ.

ಚಾಲಕರು ಹಿಂದಿನ ರಾತ್ರಿ ಬೇರೆ ಪ್ರವಾಸ ಮುಗಿಸಿ ನೇರ ಬಂದಿದ್ದಾರೆಯೇ ಎಂದು ಕೇಳಿ. ಕಣ್ಣು ಕೆಂಪಾಗಿದ್ದು, ಹೊರಡುವ ಮೊದಲೇ ಆಕಳಿಸುತ್ತಿದ್ದರೆ ಬೇರೆ ಚಾಲಕರು ಬರುವವರೆಗೆ ಹೊರಡಬೇಡಿ. ಎರಡು ಗಂಟೆ ತಡವಾಗಿ ಒಂದು ಜಾಗ ಬಿಟ್ಟುಹೋದರೆ ಹೋಗಲಿ. ಒಂದು ಸೀಟಿಗೆ ಮೂವರು ಮಕ್ಕಳನ್ನು ಕೂರಿಸುವುದೂ ಬೇಡ.

## ಹಂತ 6: ಪ್ರವಾಸದ ದಿನ

ಗುಂಪು ಮತ್ತು ಎಣಿಕೆ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ನಮ್ಮ ಉದಾಹರಣೆಯಲ್ಲಿ ಮೂವರು ಶಿಕ್ಷಕರು, ಎಸ್‌ಡಿಎಂಸಿಯ ಒಬ್ಬ ತಾಯಿ ಹೋಗುತ್ತಾರೆ. ಇಬ್ಬರು ಶಿಕ್ಷಕರು ಶಾಲೆಯಲ್ಲಿ ಉಳಿಯುತ್ತಾರೆ. ಹೆಣ್ಣುಮಕ್ಕಳಿರುವ ಪ್ರವಾಸಕ್ಕೆ ಶಿಕ್ಷಕಿ ಇಲ್ಲದೆ ಹೊರಡಬಾರದು.

ಪ್ರತಿ ಗುಂಪಿನ ಮಗುವಿಗೂ ಒಂದರಿಂದ ಹತ್ತರವರೆಗೆ ಸಂಖ್ಯೆ ಕೊಡಿ. ಬಸ್ಸು ಹತ್ತಿದಾಗಲೆಲ್ಲ ಮಕ್ಕಳೇ ಸರದಿಯಾಗಿ ತಮ್ಮ ಸಂಖ್ಯೆ ಕೂಗಬೇಕು. "ಎಲ್ಲರೂ ಬಂದ್ರಾ?" ಎಂದರೆ ನಲವತ್ತು ದನಿ ಒಟ್ಟಿಗೆ "ಬಂದ್ವಿ ಮಿಸ್" ಎನ್ನುತ್ತವೆ. ಬಾರದೆ ಉಳಿದ ಮಗುವಂತೂ ಅಲ್ಲಿ ಉತ್ತರ ಕೊಡಲಾರದು. ತಲೆ ಎಣಿಸುವುದರಲ್ಲೂ ತಪ್ಪಾಗುತ್ತದೆ, ಮಕ್ಕಳು ಸೀಟು ಬದಲಿಸುತ್ತಲೇ ಇರುತ್ತಾರೆ. ಸಂಖ್ಯೆ ಕೂಗಿಸಿದರೆ ಇಲ್ಲದ ಮಗು ಯಾರೆಂದು ಆ ಕ್ಷಣ ಗೊತ್ತಾಗುತ್ತದೆ. ನಾಲ್ಕು ಗುಂಪಿನವರೂ "ಹತ್ತು" ಎಂದು ಹೇಳಿದ ಮೇಲೆ ಒಬ್ಬರು ಮಾತ್ರ ಚಾಲಕರಿಗೆ "ಹೊರಡಿ ಅಣ್ಣ" ಎನ್ನಬೇಕು. ಆ ಒಬ್ಬರು ಯಾರೆಂದು ಬೆಳಿಗ್ಗೆಯೇ ಚಾಲಕರಿಗೆ ಪರಿಚಯಿಸಿ.

ಮಕ್ಕಳ ಅಂಗಿಗೆ ಶಾಲೆಯ ಹೆಸರು, ಶಿಕ್ಷಕರ ಫೋನ್ ಸಂಖ್ಯೆಯ ಚೀಟಿ ಸಾಕು. ಮಗುವಿನ ಹೆಸರನ್ನು ದೊಡ್ಡದಾಗಿ ಬರೆದು ನೇತುಹಾಕಬೇಡಿ, ಅಪರಿಚಿತರು ಹೆಸರು ಹಿಡಿದು ಕರೆಯಲು ಅದೇ ದಾರಿಯಾಗುತ್ತದೆ.

ಹೊರಡುವುದು. ಬೆಳಿಗ್ಗೆ 6.30ಕ್ಕೆ ಹೊರಟರೆ ಹಾಸನದ ಮೇಲೆ ಹಳೇಬೀಡಿಗೆ ಎರಡು ಗಂಟೆಯ ದಾರಿ. ಮಕ್ಕಳು ಬರಿಹೊಟ್ಟೆಯಲ್ಲೂ ಬರಬಾರದು, ಪೂರಿ ತಿಂದೂ ಬರಬಾರದು. ಎರಡು ಇಡ್ಲಿ ತಿಂದು ಬರಲಿ. ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕವರ್ ಅವರ ಕೈಯಲ್ಲೇ ಇರಲಿ. ಪೋಷಕರು ಬರೆದುಕೊಡದ ಯಾವ ಮಾತ್ರೆಯನ್ನೂ ಕೊಡಬೇಡಿ.

ಶೌಚಾಲಯ. ಇದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಕಷ್ಟಪಡುವವರು ಹೆಣ್ಣುಮಕ್ಕಳು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಆರು, ಏಳನೇ ತರಗತಿಯ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ತಲೆಸುತ್ತು. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಿಸುತ್ತೇವೆ ಎಂದು ಮೊದಲೇ ಗೊತ್ತುಮಾಡಿ, ಬಸ್ಸು ಹತ್ತುವಾಗಲೇ ಹೇಳಿಬಿಡಿ. ನಿಲ್ಲುವ ಜಾಗ ಗೊತ್ತಾದರೆ ಅವರು ನೀರು ಕುಡಿಯುತ್ತಾರೆ. ಪ್ಯಾಡ್ ಶಿಕ್ಷಕಿಯ ಚೀಲದಲ್ಲಿದೆ ಎಂಬುದನ್ನು ಸೋಮವಾರವೇ ಹುಡುಗಿಯರಿಗೆ ಮಾತ್ರ ತಿಳಿಸಿರಬೇಕು.

ಚಪ್ಪಲಿ. ಹಳೇಬೀಡು, ಬೇಲೂರು ಎರಡರಲ್ಲೂ ಚಪ್ಪಲಿ ಹೊರಗೆ ಬಿಡಬೇಕು. ನಲವತ್ತು ಜೊತೆ ಒಂದೇ ರಾಶಿಯಾದರೆ ಹುಡುಕಲು ಅರ್ಧ ಗಂಟೆ ಬೇಕು, ಎರಡು ಜೊತೆ ಕಳೆದೇ ಹೋಗುತ್ತವೆ. ಗೋಣಿಚೀಲ ಇದಕ್ಕೇ: ಗುಂಪಿಗೊಂದು ಚೀಲ, ಬಸ್ಸಿನ ಬಾಗಿಲಲ್ಲೇ ಬಿಚ್ಚಿ ತುಂಬಿ ಬಸ್ಸಿನೊಳಗಿಡಿ. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಡಿಸೆಂಬರ್‌ನಲ್ಲೂ ಕಾಲು ಸುಡುತ್ತದೆ. ಹಾಗಾಗಿ ಮಕ್ಕಳಿಗೆ ಕಾಲುಚೀಲ ತರಲು ಹೇಳಿ, ಹಳೇಬೀಡನ್ನು ಬೆಳಿಗ್ಗೆ ತಂಪಿನಲ್ಲಿ ಮುಗಿಸಿ, ಬೇಲೂರನ್ನು ಮಧ್ಯಾಹ್ನ ಮೂರರ ಮೇಲೆ ನೋಡಿ. ಎರಡರ ನಡುವೆ ಸುಮಾರು 16 ಕಿ.ಮೀ. ಊಟಕ್ಕೆ ಮರದ ನೆರಳು ಮೊದಲೇ ಗೊತ್ತಿರಲಿ. ಪುಳಿಯೋಗರೆ, ಚಿತ್ರಾನ್ನ ಸಂಜೆಯವರೆಗೆ ಕೆಡುವುದಿಲ್ಲ. ಬೆಳಿಗ್ಗೆ ಕಟ್ಟಿದ ಮೊಸರನ್ನ ಬಸ್ಸಿನ ಬಿಸಿಗೆ ಹುಳಿಯಾಗುತ್ತದೆ.

ನೋಡುವ ಕೆಲಸ. ಕೆಲಸ ಕೊಡದಿದ್ದರೆ ಮಕ್ಕಳು ಅಂಗಡಿಯ ಆಟಿಕೆ ಮಾತ್ರ ನೋಡಿ ಬರುತ್ತಾರೆ. ಹತ್ತು ಪ್ರಶ್ನೆಯ ಹಾಳೆ ಬೇಡ, ಒಂದು ಕೆಲಸ ಕೊಡಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಸಾಲುಸಾಲು ಕೆತ್ತನೆಯ ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಮೇಲೆ ಬಳ್ಳಿ, ಕುದುರೆ ಸವಾರರು. ಕೆಳಗಿನಿಂದ ಮೇಲಕ್ಕೆ ಯಾವ ಸಾಲಿನಲ್ಲಿ ಏನಿದೆ ಎಂದು ಚಿತ್ರ ಬರೆದು ತರಲಿ. ಇಷ್ಟು ಭಾರದ ಗೋಡೆಯ ಬುಡಕ್ಕೆ ಆನೆಯನ್ನೇ ಯಾಕಿಟ್ಟರು ಎಂದು ಮಕ್ಕಳೇ ಚರ್ಚೆ ಶುರುಮಾಡುತ್ತಾರೆ, ಆ ಮಾತು ಬುಧವಾರದ ತರಗತಿಗೆ ಬೇಕು.

ನೀರಿನ ಹತ್ತಿರ. ಹಳೇಬೀಡಿನ ದೇವಾಲಯದ ಪಕ್ಕದಲ್ಲೇ ದೊಡ್ಡ ಕೆರೆ ಇದೆ. ದಾರಿಯಲ್ಲಿ ಯಗಚಿ ಜಲಾಶಯವನ್ನೂ ನೋಡಿಬಿಡೋಣ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ, ಅದರಲ್ಲೂ ನೀರಿರುವ ಜಾಗಕ್ಕೆ, ಮಕ್ಕಳ ಒತ್ತಾಯಕ್ಕೆ ಮಣಿದು ಬಸ್ಸು ತಿರುಗಿಸುವುದೇ ಪ್ರವಾಸದ ಅತಿ ಅಪಾಯದ ಕ್ಷಣ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಮೊಣಕಾಲುದ್ದದ ನೀರಿಗೂ ಇಳಿಸಬೇಡಿ. ಕಡಲತೀರವೇ ಪ್ರವಾಸದ ಜಾಗವಾದರೆ ದೂರದಿಂದ ನೋಡಿ ಬರಬೇಕು, ಅದು ಆಗದು ಎನಿಸಿದರೆ ಬೇರೆ ಜಾಗ ಆರಿಸಿ.

ಎಚ್ಚರಿಕೆಯ ಲಕ್ಷಣಗಳು. ಬೆಳಿಗ್ಗೆ ಹಾಡುತ್ತಿದ್ದ ಮಗು ಮಧ್ಯಾಹ್ನ ಮೌನವಾದರೆ, ಊಟ ಬೇಡವೆಂದರೆ, ತುಟಿ ಒಣಗಿದ್ದರೆ ನೆರಳಲ್ಲಿ ಕೂರಿಸಿ ನೀರು ಕುಡಿಸಿ. ಎರಡು ಮೂರು ಸಲ ವಾಂತಿಯಾದರೆ ಓಆರ್‌ಎಸ್ ಕೊಡಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಅಂದಾಜಿನಲ್ಲಿ ಉದುರಿಸಬಾರದು. ಮಗು ಮಂಕಾದರೆ ಕಾಯಬೇಡಿ, 108ಕ್ಕೆ ಕರೆಮಾಡಿ. ಮಗು ಕಾಣೆಯಾದರೆ ಹತ್ತು ನಿಮಿಷ ಹುಡುಕಿ, ಆಮೇಲೆ 112. ಉಳಿದ ಮೂರು ಗುಂಪು ಬಸ್ಸಿನಲ್ಲೇ ಕೂತಿರಬೇಕು, ಹುಡುಕಲು ಮಕ್ಕಳನ್ನು ಕಳಿಸಬಾರದು.

ಮರಳುವುದು. ಬೇಲೂರನ್ನು 4.30ಕ್ಕೆ ಬಿಡಿ, ಏಳೂವರೆಯೊಳಗೆ ಊರು. ಒಪ್ಪಿಗೆ ಪತ್ರದಲ್ಲಿ ಬರೆದ ಹೆಸರಿನವರು ಬಂದರೆ ಮಾತ್ರ ಮಗುವನ್ನು ಕಳಿಸಿ, ಸಹಿ ಹಾಕಿಸಿಕೊಳ್ಳಿ. ಕೊನೆಯ ಮಗು ಹೋಗುವವರೆಗೆ ಇಬ್ಬರು ಶಿಕ್ಷಕರು ನಿಲ್ಲಬೇಕು.

ಶಾಲೆಯಲ್ಲಿ ಉಳಿದವರು. ಐದರಿಂದ ಏಳರವರೆಗಿನ ತರಗತಿಗಳಲ್ಲಿ ಪ್ರವಾಸಕ್ಕೆ ಹೋಗದ ಒಂದಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಮೂರನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿ ಮರೆಯಬೇಡಿ. ಶುಕ್ರವಾರದ ಸಂತೆಯ ಬೆಲೆಪಟ್ಟಿ ಬರೆಯುವ, ಅಂಗಡಿಗಳ ಜಾಗ ಗೊತ್ತುಮಾಡುವ ಕೆಲಸ ಅವರ ಕೈಗೆ ಕೊಡಿ. ಮಕ್ಕಳು ಹಿಂತಿರುಗಿದಾಗ ಅವರ ಹತ್ತಿರವೂ ಹೇಳಲು ಏನಾದರೂ ಇರಬೇಕು.

## ಹಂತ 7: ಬುಧವಾರವನ್ನು ಕಾಪಾಡುವುದು

ಈ ದಿನ ಖಾಲಿ ಕಾಣುತ್ತದೆ, ಅದಕ್ಕೇ ಎಲ್ಲರೂ ಇದರ ಮೇಲೆ ಕೈಹಾಕುತ್ತಾರೆ. ನೃತ್ಯದ ತಾಲೀಮು, ಕಬಡ್ಡಿ ಆಯ್ಕೆ ಏನೂ ಬೇಡ. ಪ್ರವಾಸದ ಚಿತ್ರ, ನಾಲ್ಕು ಸಾಲಿನ ಬರಹ, ಹಾಡು ಕೂತು ಹೇಳಿಕೊಳ್ಳುವುದು ಸಾಕು. ಹಾಜರಾತಿ ಕರೆಯುವಾಗ ಯಾರು ಬಂದಿಲ್ಲ ಎಂದು ನೋಡಿ ಮನೆಗೆ ಫೋನ್ ಮಾಡಿ. ಇಬ್ಬರು ಮೂವರಿಗೆ ಹೊಟ್ಟೆನೋವಾದರೆ ಅದು ಆಯಾಸವೂ ಆದೀತು. ಒಂದೇ ಬಸ್ಸಿನ ಐದಾರು ಮಕ್ಕಳಿಗೆ ಭೇದಿಯಾದರೆ ಊಟದ ದೋಷ, ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕ್ರೀಡಾಕೂಟ ಮುಂದೂಡಿ.

## ಹಂತ 8: ಕ್ರೀಡಾಕೂಟ

ಅಂಗಳದ ಗೆರೆಗಳನ್ನು ಬುಧವಾರ ಸಂಜೆಯೇ ಹಾಕಿ. ಮೂಲೆ ನೇರವಾಗಲು ಹಗ್ಗದಲ್ಲಿ 3, 4, 5 ಮೀಟರ್ ಬದಿಯ ತ್ರಿಕೋನ ಮಾಡಿ. 3 ಮತ್ತು 4 ಸೇರುವ ಮೂಲೆ ಲಂಬವಾಗಿರುತ್ತದೆ. ಈ ಮೂಲೆಗಳನ್ನು ಸೋಮವಾರದ ಶ್ರಮದಾನದಲ್ಲಿ ಏಳನೇ ತರಗತಿಯ ಮಕ್ಕಳೇ ಗೂಟ ಹೊಡೆದು ಗುರುತು ಮಾಡಿರಲಿ, ಗಣಿತದ ಪಾಠ ಕಾಲಡಿಯಲ್ಲೇ ಸಿಗುತ್ತದೆ. ಓಟದ ಸಾಲಿನ ಅಗಲ 1.22 ಮೀಟರ್. ಓಟ ಉತ್ತರ-ದಕ್ಷಿಣವಾಗಿರಲಿ, ಇಲ್ಲದಿದ್ದರೆ ಬೆಳಗಿನ ಸೂರ್ಯ ಮಕ್ಕಳ ಕಣ್ಣಿಗೇ ಹೊಡೆಯುತ್ತದೆ. ಮುಕ್ತಾಯದ ಗೆರೆಯಾಚೆ 10 ಮೀಟರ್ ಖಾಲಿ ಜಾಗ ಬೇಕು. ಗೋಡೆಯ ಪಕ್ಕದಲ್ಲೇ ಓಟ ಮುಗಿಸಿದರೆ ಮಗು ಗೋಡೆಗೆ ಹೋಗಿ ಬಡಿಯುತ್ತದೆ. ಅಂಗಳ ಚಿಕ್ಕದಿದ್ದರೆ 100 ಮೀಟರ್ ಹಟ ಬಿಟ್ಟು 50 ಮೀಟರ್ ಓಡಿಸಿ.

ಬೆಳಿಗ್ಗೆ ಹಾಲು ಅಥವಾ ರಾಗಿ ಮಾಲ್ಟ್ ಕುಡಿದ ಕೂಡಲೇ ಓಡಿಸಿದರೆ ವಾಂತಿ ಖಂಡಿತ. ಕುಡಿದು ಮುಕ್ಕಾಲು ಗಂಟೆ ಕಳೆಯಲಿ, ಆ ಹೊತ್ತಿನಲ್ಲಿ ಧ್ವಜವಂದನೆ, ಪಥಸಂಚಲನ ಮುಗಿಸಿ. ಓಟಗಳು ಹನ್ನೊಂದರೊಳಗೆ, ಬಿಸಿಲೇರಿದ ಮೇಲೆ ನೆರಳಿನ ಆಟ: ಚೆಸ್, ಕೇರಂ, ಚಿಕ್ಕವರಿಗೆ ನಿಂಬೆಹಣ್ಣು-ಚಮಚ.

ತರಚಿದ ಗಾಯಕ್ಕೆ ಸೋಪು, ಶುದ್ಧ ನೀರು. ಕಾಫಿ ಪುಡಿ, ಸುಣ್ಣ ಮೆತ್ತುವವರನ್ನು ತಡೆಯಿರಿ. ಬೆವರು ನಿಂತು ಮೈ ಬಿಸಿಯಾಗಿ, ಮಾತು ತಡವರಿಸಿದರೆ ಒದ್ದೆಬಟ್ಟೆಯಿಂದ ಮೈ ತಂಪು ಮಾಡುತ್ತ 108 ಕರೆಯಿರಿ.

## ಹಂತ 9: ಮಕ್ಕಳ ಸಂತೆ

ಇಬ್ಬರು ಮಕ್ಕಳಿಗೆ ಒಂದು ಅಂಗಡಿ. ಸೊಪ್ಪು, ಅವರೆಕಾಯಿ, ನಿಂಬೆ, ಕಡಲೆಕಾಯಿ, ತೆಂಗಿನಕಾಯಿ, ಮನೆಯಲ್ಲಿ ಕರಿದು ತಂದ ತಿಂಡಿ ಇರಲಿ. ಒಲೆ, ಕಾದ ಎಣ್ಣೆ ಶಾಲೆಯಂಗಳಕ್ಕೆ ಬರಬಾರದು.

ಬಂಡವಾಳಕ್ಕೆ ಮಿತಿ ಹಾಕಿ. ತೋಟವಿರುವ ಮನೆಯ ಮಗು ಎರಡು ಮೂಟೆ ತಂದು, ಕೂಲಿ ಮಾಡುವವರ ಮಗು ನಾಲ್ಕು ಕಟ್ಟು ಸೊಪ್ಪು ಹಿಡಿದು ಪಕ್ಕದಲ್ಲಿ ಕೂತರೆ ಆ ಮಗುವಿಗೆ ಸಿಗುವ ಪಾಠವೇ ಬೇರೆ. ಅಂಗಡಿಗೆ 100 ರೂಪಾಯಿ ಬೆಲೆಯಷ್ಟೇ ಸರಕು ಎಂದರೆ ಎಲ್ಲರೂ ಒಂದೇ ಗೆರೆಯಿಂದ ಓಡುತ್ತಾರೆ.

ಚಿಲ್ಲರೆ ಈಗಿನ ದೊಡ್ಡ ತೊಡಕು. ಪೋಷಕರು ಬರಿಗೈಯಲ್ಲಿ ಫೋನ್ ಹಿಡಿದು ಬರುತ್ತಾರೆ. ಬಾಗಿಲಲ್ಲಿ ಒಬ್ಬ ಶಿಕ್ಷಕರು ಕೂತು, ಶಾಲೆಯ ಖಾತೆಗೆ ಹಣ ಹಾಕಿಸಿಕೊಂಡು ನಗದು ಕೊಡಲಿ. ಪ್ರತಿ ಅಂಗಡಿಗೂ ಬೆಳಿಗ್ಗೆ 50 ರೂಪಾಯಿ ಚಿಲ್ಲರೆ ಕೊಡಿ: ಹತ್ತರ ಎರಡು ನೋಟು, ಐದರ ನಾಲ್ಕು ನಾಣ್ಯ, ಉಳಿದದ್ದು ಒಂದು-ಎರಡರ ನಾಣ್ಯ. ಸಂತೆ ಮುಗಿದ ಕೂಡಲೇ ಆ 50 ವಾಪಸ್. ಆಮೇಲೆ ಮಗು ಮೂರೇ ಸಾಲು ಬರೆಯಬೇಕು: ಹಾಕಿದ್ದೆಷ್ಟು, ಬಂದದ್ದೆಷ್ಟು, ಉಳಿದದ್ದೆಷ್ಟು.

ತಪ್ಪು ಯಾವಾಗ ಶುರುವಾಗುತ್ತದೆ ಗೊತ್ತೇ? ಅಮ್ಮಂದಿರು ಅಂಗಡಿಯ ಹಿಂದೆ ಬಂದು ನಿಂತಾಗ. ಮಗು ಲೆಕ್ಕ ಮಾಡುವ ಮೊದಲೇ ಅವರು ಚಿಲ್ಲರೆ ಎಣಿಸಿ ಕೊಟ್ಟುಬಿಡುತ್ತಾರೆ. ಅಂಗಡಿಗಳ ಹಿಂದೆ ಹಗ್ಗ ಕಟ್ಟಿ, "ಅಮ್ಮ, ಈ ಕಡೆಯಿಂದ ವ್ಯಾಪಾರ ಮಾಡಿ" ಎಂದು ನಗುತ್ತಲೇ ಹೇಳಿ. ಒಂದರಿಂದ ಮೂರನೇ ತರಗತಿಯವರು ಕೈಯಲ್ಲಿ ಪಟ್ಟಿ ಹಿಡಿದು ಗಿರಾಕಿಗಳಾಗಲಿ.

## ಹಂತ 10: ವಾರ್ಷಿಕೋತ್ಸವ

ಮೊದಲು ಹೊತ್ತಿನ ಲೆಕ್ಕ. 14 ಕಾರ್ಯಕ್ರಮ, ತಲಾ 5 ನಿಮಿಷ ಎಂದರೆ 70 ನಿಮಿಷ. ಒಂದು ಗುಂಪು ಇಳಿದು ಇನ್ನೊಂದು ಹತ್ತಲು 2 ನಿಮಿಷ ಎಂದರೆ ಇನ್ನೂ 28. ಸಭೆ, ವರದಿ, ಬಹುಮಾನಕ್ಕೆ 40. ಒಟ್ಟು 138 ನಿಮಿಷ. ಆರಕ್ಕೆ ಶುರುವಾದರೆ 8.18ಕ್ಕೆ ಮುಗಿಯುತ್ತದೆ. ಇಪ್ಪತ್ತೆರಡು ಕಾರ್ಯಕ್ರಮ ಒಪ್ಪಿಕೊಂಡರೆ ಇದೇ ಲೆಕ್ಕದಲ್ಲಿ 9.14 ಆಗುತ್ತದೆ, ಶುರುವಾಗುವುದು ತಡವಾದರೆ ಹತ್ತು ಗಂಟೆ ಸಮೀಪಿಸುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ, ಮೈಕ್‌ಗೆ ಪೊಲೀಸ್ ಠಾಣೆಯ ಅನುಮತಿಯೂ ಮೊದಲೇ ಬೇಕು.

ಸಭಾ ಕಾರ್ಯಕ್ರಮವನ್ನು ಒಡೆಯಿರಿ. ಸ್ವಾಗತ, ವರದಿ, ಅತಿಥಿಗಳ ಮಾತು ಮೊದಲ 20 ನಿಮಿಷ, ಬಹುಮಾನ ನಡುನಡುವೆ. ಮಾತಾಡುವ ಅತಿಥಿ ಒಬ್ಬರೇ ಇರಲಿ, ಉಳಿದವರು ಬಹುಮಾನ ಕೊಡಲಿ. ಇದನ್ನು ಆಹ್ವಾನ ಪತ್ರಿಕೆ ಕೊಡುವಾಗಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ.

ಒಂದು, ಎರಡನೇ ತರಗತಿಯವರು ಮೊದಲು. ಬಣ್ಣ ಹಚ್ಚಿಕೊಂಡು ರಾತ್ರಿ ಎಂಟರವರೆಗೆ ಕಾದ ಆರು ವರ್ಷದ ಮಗು ವೇದಿಕೆಯ ಮೇಲೆ ಅಳುವುದು ಭಯದಿಂದಲ್ಲ, ಹಸಿವು ಮತ್ತು ನಿದ್ದೆಯಿಂದ. ಐದೂವರೆಗೇ ಅವರಿಗೆ ಉಪ್ಪಿಟ್ಟು ಕೊಡಿ.

ಹಾಡುಗಳ ಪೆನ್‌ಡ್ರೈವ್ ಎರಡಿರಲಿ. ಹಾಡಿನ ಹೆಸರಿನ ಬದಲು ಕಾರ್ಯಕ್ರಮದ ಕ್ರಮಸಂಖ್ಯೆಯನ್ನೇ ಕೊಟ್ಟು ಉಳಿಸಿ. ಶುಕ್ರವಾರದ ತಾಲೀಮಿನಲ್ಲಿ ಅದೇ ಮೈಕ್ ಸೆಟ್‌ನಲ್ಲಿ ಎಲ್ಲವನ್ನೂ ಒಮ್ಮೆ ಹಾಕಿ ನೋಡಿ. ವೇದಿಕೆಗೆ ಒಂದು ಕಡೆ ಹತ್ತುವ ಮೆಟ್ಟಿಲು, ಇನ್ನೊಂದು ಕಡೆ ಇಳಿಯುವ ಮೆಟ್ಟಿಲು. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗದಲ್ಲಿ ವಿದ್ಯುತ್ ತಂತಿ ನೆಲದ ಮೇಲಿರಬಾರದು. ಜೋಡಿಸಿದ ತಂತಿಗೆ ಬರೀ ಬಟ್ಟೆ ಸುತ್ತಿದ್ದು ಕಂಡರೆ ಅದನ್ನು ತೆಗೆಸಿದ ಮೇಲೆಯೇ ದೀಪ ಹಾಕಿಸಿ.

ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಶಿಕ್ಷಕಿ ಇರಲೇಬೇಕು, ಒಳಗೆ ಯಾರ ಫೋನೂ ಹೋಗಬಾರದು, ತಾಯಂದಿರದ್ದೂ. ಕಾರ್ಯಕ್ರಮ ಮುಗಿದ ಮೇಲೆ ಪ್ರವಾಸದ ದಿನದಂತೆಯೇ ಪಟ್ಟಿ ಹಿಡಿದು ಮಕ್ಕಳನ್ನು ಒಪ್ಪಿಸಿ. ಜಂಗುಳಿಯಲ್ಲಿ "ಅವರಪ್ಪ ಇಲ್ಲೇ ಎಲ್ಲೋ ಇದ್ದಾರೆ" ಎಂದು ಬಿಟ್ಟ ಮಗು ಕತ್ತಲಲ್ಲಿ ಒಂಟಿಯಾಗಿ ನಡೆದುಹೋಗುತ್ತದೆ.

## ಹಂತ 11: ಮುಂದಿನ ಸೋಮವಾರ

ಬಾಡಿಗೆ ಉಡುಪು, ಶಾಮಿಯಾನ, ಕುರ್ಚಿಗಳನ್ನು ಎಣಿಸಿ ಅಂದೇ ವಾಪಸ್ ಮಾಡಿ. ಒಂದು ದಿನ ತಡವಾದರೂ ಬಾಡಿಗೆ ಏರುತ್ತದೆ. ಬಿಟ್ಟುಹೋದ ಸ್ವೆಟರು, ಬುತ್ತಿಗಳನ್ನು ಜಗಲಿಯಲ್ಲಿ ಸಾಲಾಗಿಡಿ.

ನೋಟ್‌ಬುಕ್ ತೆರೆದು ನಾಲ್ಕು ಕಾರ್ಯಕ್ರಮಗಳ ಜಮಾ-ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕಿ, ಎಸ್‌ಡಿಎಂಸಿ ಸಭೆಯಲ್ಲಿ ಓದಿ. ಪ್ರವಾಸದಲ್ಲಿ ಹಣ ಉಳಿದಿದ್ದರೆ ಕೊಟ್ಟ ಮಾತಿನಂತೆ ವಾಪಸ್ ಕೊಡಬೇಕು. ತಲೆಗೆ 50 ರೂಪಾಯಿಯೇ ಆಗಲಿ, ಪೋಷಕರ ಸಹಿ ಪಡೆದು ಕೈಗೇ ಕೊಡಿ. ಬೇರೆಯವರ ನೆರವಿನಿಂದ ಹೋದ ಮಕ್ಕಳ ಪಾಲು ನೆರವು ಕೊಟ್ಟವರಿಗೆ ಹೋಗಬೇಕೋ, ಮುಂದಿನ ವರ್ಷದ ಪ್ರವಾಸಕ್ಕೆ ಉಳಿಸಬೇಕೋ ಎಂದು ಅವರನ್ನೇ ಕೇಳಿ ಠರಾವಿನಲ್ಲಿ ಬರೆಯಿರಿ.